ಅಬ್ರಹಾಂ ಮತ್ತು ಹಸಿರು ಗುಳಿಮಂಡಲ

ಮಿಷನ್ ಶಾಲೆಯ ಬೆಂಚು ದುರಸ್ತಿ ಮಾಡುವ ಬಡಗಿ ಅಬ್ರಹಾಂ ಬಿಡುವಿದ್ದಾಗಲೆಲ್ಲ ಹಾವು ಹಿಡಿಯುತ್ತಿದ್ದ. ಕಮರಿಪೇಟೆಯ ಬಚ್ಚಲಿಗೋ ಅಕ್ಕಿ ಚೀಲದ ಸಂದಿಗೋ ನಾಗರಹಾವು ಹೊಕ್ಕರೆ ಜನ ಕರೆಯುತ್ತಿದ್ದುದು ಅವನನ್ನೇ. ಬಾಲ ಹಿಡಿದೆತ್ತಿ, ನಡುವಿಗೆ ಕೊಕ್ಕೆಯ ಆಸರೆ ಕೊಟ್ಟು ಹಾವನ್ನು ಡಬ್ಬಿಗೆ ಇಳಿಸುವ ವಿದ್ಯೆಯನ್ನು ಓಣಿಯ ಹುಡುಗ ಉಡಚಪ್ಪನಿಗೆ ಕಲಿಸಿದವನೂ ಅವನೇ.

ಈಗ ಅವನ ಹೊಟ್ಟೆ ಉರಿಸುತ್ತಿದ್ದುದೂ ಅದೇ. ಉಡಚಪ್ಪ ಘಟ್ಟದ ಕಡೆ ಹೋಗಿ ಮಲಬಾರ್ ಗುಳಿಮಂಡಲ ಹಿಡಿದಿದ್ದ. ಮರದ ಮೇಲೆ ಬದುಕುವ, ಹಲವು ಬಣ್ಣಗಳಲ್ಲಿರುವ, ವಿಷದ, ಅಪರೂಪದ ಹಾವು. ಪೇಪರಿನಲ್ಲಿ ಫೋಟೋ ಬಂತು, ಹೆಗಲಿಗೆ ಶಾಲು ಬಿತ್ತು. ಅಂದಿನಿಂದ ಅಬ್ರಹಾಂಗೆ ಊಟ ಒಗ್ಗದು. ಹೆಂಡತಿ ದೀನಾ ಅದಕ್ಕೆ ಆಸಿಡಿಟಿ ಎಂದು ಹೆಸರಿಟ್ಟು ಜೀರಿಗೆ ನೀರು ಕುಡಿಸಿದಳು. ಹೊಟ್ಟೆಯೊಳಗಿನ ಕಿಚ್ಚು ಆರಲಿಲ್ಲ.

"ಕಲಿಸಿದಾವ ನಾ, ಶಾಲು ಅವಗ!"

"ಶಾಲು ಬೇಕಂದ್ರ ನಂದ ಹೊದ್ಕೋರಿ. ಅವನ್ನ ಯಾಕ ಬೈತೀರಿ?"

ಮಳೆಗಾಲದ ಒಂದು ಮಧ್ಯಾಹ್ನ ರಾಯಾಪುರದಿಂದ ಫೋನು. ಮಂಟಪ ಅಲಂಕರಿಸುವ ಗುಲ್ನಾಜಳ ಗೋದಾಮಿಗೆ ಘಟ್ಟದಿಂದ ಬಂದ ಹಸಿರು ಟೊಂಗೆಗಳಲ್ಲಿ ಹಾವು ಕೂತಿತ್ತು.

"ಉಡಚಪ್ಪಣ್ಣಾರು ಬಸುರಿ ತಂಗಿ ಕುಬಸ ಅಂತ ಮುಗದ ಊರಿಗೆ ಹೋಗ್ಯಾರಂತ್ರಿ. ನೀವರ ಲಗೂ ಬರ್ರಿ."

ನೀವಾದರೂ ಎಂಬರ್ಥದ ಆ 'ನೀವರ' ಚುಚ್ಚಿತು. ಆದರೂ ಗಾಡಿ ಹತ್ತಿದ.

ಎಲೆಯೇ ಸುರುಳಿ ಸುತ್ತಿಕೊಂಡಂತಿತ್ತು ಅದು. ಮುಮ್ಮೂಲೆ ತಲೆ, ಕಣ್ಣಿಗೂ ಮೂಗಿಗೂ ನಡುವೆ ಪುಟ್ಟ ಗುಳಿ. ಗುಳಿಮಂಡಲವೇ! ಅಬ್ರಹಾಂ ರೂಢಿಯಂತೆ ಬಾಲಕ್ಕೆ ಕೈಹಾಕಿ ಎತ್ತಿದ. ಹಾವು ಬರಲಿಲ್ಲ, ಟೊಂಗೆಯೇ ಎದ್ದು ಬಂತು. ಮರದ ಹಾವಿಗೆ ಬಾಲವೇ ಕೈ, ಹಿಡಿದದ್ದನ್ನು ಬಿಡದು. ಅದು ಬಾಯಿ ತೆರೆದು ಚಿಮ್ಮಿತು. ಹಲ್ಲು ಅಂಗಿಯ ತೋಳನ್ನು ಸವರಿಕೊಂಡು ಹೋಯಿತು. ಅಬ್ರಹಾಂ ಹಿಂದಕ್ಕೆ ಹಾರಿದ.

ಉಡಚಪ್ಪನನ್ನು ಕೇಳಿದರೆ ಈ ಹಾವೂ ಅವನ ಪಾಲಾಗುತ್ತದೆ. ಕೇಳದಿದ್ದರೆ ದೀನಾ ವಿಧವೆಯಾಗುತ್ತಾಳೆ. ಗೋದಾಮಿನ ಹಿಂದೆ ಹೋಗಿ, ಪಿಸುದನಿಯಲ್ಲಿ ಅವನಿಗೇ ಫೋನು ಮಾಡಿದ.

"ಬಾಲಾ ಬಿಡವಲ್ತಲೋ."

"ಅಯ್ಯ ಕಾಕಾ, ಮುಟ್ಟಬ್ಯಾಡ್ರಿ! ಟೊಂಗಿ ಕೊಯ್ದು, ಟೊಂಗಿ ಸಮೇತ ಡಬ್ಬ್ಯಾಗ ಇಳಸ್ರಿ. ನಾ ಬಂದೆ."

"ನೀ ಬರಬ್ಯಾಡ. ಹೋಳಿಗಿ ತಿನ್ನು."

ಬಡಗಿಯ ಗರಗಸ ಗಾಡಿಯಲ್ಲೇ ಇತ್ತು. ಎಲೆಯೂ ಅಲುಗದಂತೆ ಕೊಯ್ದು ಇಳಿಸಿದ. ಗುಲ್ನಾಜ ಮೊಬೈಲ್ ಎತ್ತಿದಳು.

"ಸ್ಟೇಟಸ್ಸಿಗೆ ಹಾಕ್ತೇನ್ರಿ. ನೀವು ಉಡಚಪ್ಪಣ್ಣಾರ ಕಡ್ಯಾವ್ರಲ್ಲ?"

"ಅವ ನಮ್ಮ ಕಡ್ಯಾವ!"

ಹಾವನ್ನು ಘಟ್ಟಕ್ಕೇ ಬಿಡಬೇಕೆಂದರು ಅರಣ್ಯ ಇಲಾಖೆಯವರು. ಅಲ್ಲಿಯ ಜಾಗ ಗೊತ್ತಿದ್ದವನು ಉಡಚಪ್ಪ ಒಬ್ಬನೇ. ಬೇಡವೆಂದರೂ ಬೈಕ್ ತಂದು ನಿಲ್ಲಿಸಿದ್ದ. ಅಬ್ರಹಾಂ ಹಿಂದೆ ಕೂತು ಡಬ್ಬಿಯನ್ನು ಎರಡೂ ಕೈಯಲ್ಲಿ ಅವಚಿಕೊಂಡ.

ಧಾರವಾಡ ದಾಟಿದ ಮೇಲೆ ಉಡಚಪ್ಪ ಕೇಳಿದ: "ಕಾಕಾ, ಒಮ್ಮೆ ಮುಚ್ಚಳ ತಗೀರಿ, ನೋಡ್ತೇನಿ."

"ನೀ ಮೊದಲ ಹಿಡದೀಯಲ್ಲ?"

"ನಂದು ಕಂದು ಬಣ್ಣದ್ದಿತ್ತ್ರಿ. ಇಷ್ಟು ಹಸರಂದು ನನಗ ಖರೇನ ಸಿಕ್ಕಿಲ್ಲ."

ಆ ದನಿಯಲ್ಲಿದ್ದ ಉರಿಯನ್ನು ಅಬ್ರಹಾಂ ಚೆನ್ನಾಗಿ ಬಲ್ಲ. ಎಷ್ಟೋ ದಿನದ ಮೇಲೆ ಅವನ ಹೊಟ್ಟೆ ತಣ್ಣಗಾಯಿತು. ಮುಚ್ಚಳವನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದ.

"ಮುಂದ ನೋಡಿ ಗಾಡಿ ಹೊಡಿ," ಎಂದ.