ಒಂದೇ ಅಳತೆ

ನಮ್ಮ ಹೊಲಿಗೆ ಸಿಸ್ಟರ್ ಕೊರಳಲ್ಲಿ ಶಿಲುಬೆಯ ಜೊತೆಗೆ ಅಳತೆ ಟೇಪೂ ತೂಗುತ್ತಿತ್ತು. ಕಾನ್ವೆಂಟಿನಲ್ಲಿ ಅವರ ಬಳಿ ಹೊಲಿಗೆ ಕಲಿಯುತ್ತಿದ್ದ ನಾವು ಹುಡುಗಿಯರು ಬಟ್ಟೆ ಕಂಡ ಕೂಡಲೇ ಕತ್ತರಿ ಎತ್ತಿದರೆ, "ಮೊದಲು ಅಳೀರಿ!" ಎಂದು ಗದರುವರು. ಕೇರಳದವರು, ಆದರೆ ಗದರಿಕೆ ಮಾತ್ರ ಅಪ್ಪಟ ನಮ್ಮೂರು ಕಾನಹೊಸಹಳ್ಳಿಯದು.

ಲಾಕ್‌ಡೌನ್ ಮುಗಿದ ಮೇಲೂ ಕಾನ್ವೆಂಟಿಗೆ ಯೂನಿಫಾರ್ಮ್ ಹೊಲಿಯುವ ಕೆಲಸ ಬರಲಿಲ್ಲ. ಅಲ್ಲಿದ್ದ ನಾಲ್ವರು ಸಿಸ್ಟರುಗಳ ಊಟ ರೊಟ್ಟಿ, ಶೇಂಗಾ ಚಟ್ನಿಗೆ ಇಳಿಯಿತು. ಬಟ್ಟೆಗೂ ತತ್ವಾರ. ಆಗ ಹೊಲಿಗೆ ಸಿಸ್ಟರ್ ತಮ್ಮನ್ನೂ ಸೇರಿಸಿ ನಾಲ್ವರಿಗೂ ಒಂದೇ ಅಳತೆಯ ನಿಲುವಂಗಿ ಹೊಲಿದುಬಿಟ್ಟರು. ಯಾವುದು ಒಣಗಿದೆಯೋ ಅದನ್ನು ಯಾರಾದರೂ ತೊಡಬಹುದು. ಎತ್ತರದ ಇವರಿಗೆ ಅದು ಮೊಣಕಾಲ ಕೆಳಗೇ ಮುಗಿಯುತ್ತಿತ್ತು, ಕುಳ್ಳಗಿದ್ದ ಹಿರಿಯ ಸಿಸ್ಟರಿಗೆ ನೆಲ ಗುಡಿಸುತ್ತಿತ್ತು.

ಒಂದು ದಿನ ಇವರೆಲ್ಲರ ಮೇಲಿನವರಾದ ಮದರ್ ಕಾರಿನಲ್ಲಿ ಬಂದರು. "ಈ ಮನೆಗೆ ನಾಲ್ವರೆಂದರೆ ಹೆಚ್ಚಾಯಿತು. ದುಡಿಯಲಾಗದ ಹಿರಿಯ ಸಿಸ್ಟರನ್ನು ನಾನು ಕರೆದುಕೊಂಡು ಹೋಗುತ್ತೇನೆ" ಎಂದರು. ಹಿರಿಯ ಸಿಸ್ಟರ್ ತಮ್ಮ ಚೀಲ ಹುಡುಕತೊಡಗಿದರು.

ಹೊಲಿಗೆ ಸಿಸ್ಟರ್ ಕೊರಳಿನ ಟೇಪು ತೆಗೆದು ಮದರ್ ಕೈಗಿಟ್ಟರು.

"ಮೊದಲು ಅಳೀರಿ, ಮದರ್. ಈ ನಾಲ್ಕು ಅಂಗಿಯೊಳಗ ಯಾವುದು ಹೆಚ್ಚಾಗೈತಿ ತೋರಿಸ್ರಿ. ಆಮ್ಯಾಲೆ ಕತ್ತರಿ ಹಾಕ್ರಿ."

ಮದರ್ ನಾಲ್ವರನ್ನೂ ನೋಡಿದರು. ಟೇಪು ಬಿಚ್ಚಲೇ ಇಲ್ಲ. ಅದನ್ನು ಮೇಜಿನ ಮೇಲಿಟ್ಟು ಒಬ್ಬರೇ ಕಾರು ಹತ್ತಿದರು.

ಸಿಸ್ಟರ್ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ಬಾಗಿಲಲ್ಲಿ ಬಾಯಿ ಬಿಟ್ಟು ನಿಂತಿದ್ದ ನಮ್ಮ ಕಡೆ ತಿರುಗಿದರು.

"ಏನ್ ನೋಡಾಕತ್ತೀರಿ? ಮಷೀನು ಯಾಕ ನಿಂತಾವ?"