ಪಿಂಜಾರ ಗೌಸನ ಬಗಲ ರೊಟ್ಟಿ

ದೀಪಾವಳಿ ದಾಟಿ ನಾಲ್ಕನೆಯ ದಿನವೋ ಐದನೆಯ ದಿನವೋ ನರೋಣಾಕ್ಕೆ ಲಾರಿಗಳು ಬರುತ್ತಿದ್ದವು. ಮಹಾರಾಷ್ಟ್ರದ ಕಡೆಗೆ ಕಬ್ಬು ಕಡಿಯಲು ಹೋಗುವ ಮಂದಿಯನ್ನು ತುಂಬಿಕೊಂಡು ಹೋಗುವ ಲಾರಿಗಳು. ಒಂದೊಂದರಲ್ಲಿ ಹತ್ತು ಹನ್ನೆರಡು ಸಂಸಾರ. ಜೋಳದ ಚೀಲ, ಚಾಪೆ, ಕೊಡ, ಕೋಳಿ, ಆಡು, ಎದೆಗವಚಿದ ಕೂಸು, ಎಲ್ಲಕ್ಕೂ ಹೇಗೋ ಜಾಗವಾಗುತ್ತಿತ್ತು. ನಾಯಿಗೆ ಮಾತ್ರ ಆಗುತ್ತಿರಲಿಲ್ಲ. ಆಳುಗಳನ್ನು ಗೊತ್ತು ಮಾಡಿ ಕರೆದೊಯ್ಯುವ ಮುಕಾದಮ ಅದನ್ನು ಹತ್ತಿಸಲು ಬಿಡುತ್ತಿರಲಿಲ್ಲ.

ಲಾರಿ ಹೊರಟಿತೆಂದರೆ ನಾಯಿಗಳು ಹಿಂದೆ ಓಡುತ್ತಿದ್ದವು. ಕಡಗಂಚಿ ದಾರಿಯ ಹಳ್ಳದವರೆಗೆ ಓಡುವವು. ಅಲ್ಲಿ ಏರು ಮುಗಿದು ಲಾರಿ ಜೋರಾದ ಮೇಲೆ ನಾಲಿಗೆ ಚಾಚಿ ನಿಂತುಬಿಡುವವು. ಕೆಲವು ಸಂಜೆಗೆ ಊರಿಗೆ ತಿರುಗಿ, ಚಿಲಕ ಹಾಕಿದ ಬಾಗಿಲ ಮುಂದೆ ಮಲಗುತ್ತಿದ್ದವು. ಕೆಲವು ಹಳ್ಳದ ದಂಡೆಯಲ್ಲೇ ಕೂತು ಸೊರಗಿ ಸಾಯುತ್ತಿದ್ದವು. ಊರವರು ಅದನ್ನು ಕಂಡೂ ಕಾಣದಂತೆ ದಾಟಿಹೋಗುತ್ತಿದ್ದರು. ಹೋದವರದು ಹೊಟ್ಟೆಪಾಡು, ಅವರನ್ನು ಬಯ್ಯುವುದಾದರೂ ಹೇಗೆ?

ಆ ನಾಯಿಗಳನ್ನು ಕರೆದು ತರುವವನು ಇಡೀ ಊರಿಗೆ ಒಬ್ಬನೇ ಇದ್ದ. ಪಿಂಜಾರ ಗೌಸಮೊಹಿದ್ದೀನ.

ಹತ್ತಿ ಹಿಂಜಿ ಗಾದಿ, ತಲೆದಿಂಬು ತುಂಬುವುದು ಅವನ ಕಸುಬು. ಎಪ್ಪತ್ತಾರನೆಯ ಇಸವಿಯಲ್ಲಿ ಒಮ್ಮೆ ಹತ್ತಿ ಹಿಂಜುವ ಬಿಲ್ಲು ಹೆಗಲ ಮೇಲಿಟ್ಟು ಕಡಗಂಚಿಯಿಂದ ಬರುತ್ತಿದ್ದನಂತೆ. ಹಳ್ಳದಲ್ಲಿ ನಾಲ್ಕು ನಾಯಿ ದಾರಿಯ ಕಡೆಗೇ ಮುಖ ಮಾಡಿ ಕೂತಿದ್ದವು. ಕಚ್ಚುತ್ತವೆಂದು ಹೆದರಿ ಗಂಟು ಕೆಳಗಿಟ್ಟು ನಿಂತ. ಅವುಗಳಲ್ಲೊಂದು ಎದ್ದು ಬಂದು ಅವನ ಹತ್ತಿಯ ಗಂಟಿನ ಮೇಲೆ ತಲೆಯಿಟ್ಟು ಮಲಗಿತು. ಗಂಟನ್ನು ಎತ್ತಬೇಕೆಂದರೆ ನಾಯಿಯನ್ನು ಎಬ್ಬಿಸಬೇಕು. ಎಬ್ಬಿಸಲು ಮನಸ್ಸು ಬರಲಿಲ್ಲ. ಅಂದು ಸಂಜೆ ಹೆಂಡತಿ ಬಾನುಬಿಯ ಹಿತ್ತಲಿಗೆ ಅವನ ಹಿಂದೆ ನಾಲ್ಕು ನಾಯಿ ಬಂದವು.

ಬಾನುಬಿ ಗಂಡನನ್ನು ಎರಡು ದಿನ ಮಾತಾಡಿಸಲಿಲ್ಲ. ಮೂರನೆಯ ದಿನ ಕರಾರು ಹಾಕಿದಳು. ನಾಯಿ ಹಿತ್ತಲ ಬೇವಿನ ಗಿಡ ದಾಟಿ ಒಳಗೆ ಬರಬಾರದು. ನಾಯಿ ಮುಟ್ಟುವಾಗ ಒಂದು ಲುಂಗಿ, ನಮಾಜಿಗೆ ಇನ್ನೊಂದು. ಗೌಸ ಒಪ್ಪಿದ. ಮಸೀದಿಯ ಕಟ್ಟೆಯ ಮೇಲೆ ಹಿರಿಯರು ಅವನನ್ನು ಕಾಡುತ್ತಿದ್ದರು.

"ಗೌಸ್ಯಾ, ಸ್ವರ್ಗದ ಬಾಗಿಲು ಕಾಯೋ ಫರಿಶ್ತಾ ನಿನ್ನ ಲುಂಗಿ ಮೂಸಿ ನೋಡ್ತಾನ ನೋಡು."

"ಮೂಸ್ಲಿರಿ ಚಾಚಾ. ಅದಕ್ಕಂತೇ ಎರಡು ಲುಂಗಿ ಇಟ್ಟೇನಿ."

ಗಾಯದಲ್ಲಿ ಹುಳ ಬಿದ್ದಿದ್ದರೆ ಸೀತಾಫಲದ ಎಲೆ ಅರೆದು ತುಂಬುತ್ತಿದ್ದ. ಕಜ್ಜಿಗೆ ಗಂಧಕ ಕಲಸಿದ ಎಣ್ಣೆ. ಮುರಿದ ಕಾಲಿಗೆ ಬಿದಿರಿನ ಸೀಳು ಕಟ್ಟಿ, ಒತ್ತದಂತೆ ಒಳಗೆ ಹತ್ತಿ ತುಂಬುತ್ತಿದ್ದ. ಉಳಿದವು ಉಳಿದವು, ಸತ್ತವನ್ನು ಹಳ್ಳದ ಆಚೆ ಹೂಳುತ್ತಿದ್ದ. ಮದುವೆಯ ಕಾಲ ಬಂತೆಂದರೆ ಗಾದಿ ತುಂಬಲು ಊರೂರು ತಿರುಗಬೇಕು. ಆಗ ಬಿಲ್ಲಿನ ಸಂಗಡ ಹಗ್ಗ ಕಟ್ಟಿದ ಒಂದು ನಾಯಿಯೂ ಹೊರಡುತ್ತಿತ್ತು. ಹೊಲ ಕಾಯಲು ನಾಯಿ ಬೇಕಾದ ರೈತರು ಎಲ್ಲ ಕಡೆಗೂ ಇದ್ದರು. ಹೀಗೆ ಅಫಜಲಪುರದ ಕಡೆ, ಜೇವರ್ಗಿಯ ಕಡೆ, ಭೀಮಾ ನದಿಯ ದಂಡೆಗುಂಟ ಅವನ ನಾಯಿಗಳು ನೆಲೆ ಕಂಡವು.

ಆದರೆ ಸುಮ್ಮನೆ ಕೊಟ್ಟು ಬರುತ್ತಿರಲಿಲ್ಲ. ಬಗಲ ರೊಟ್ಟಿ ಆಗಬೇಕು. ಹೊಸ ಧಣಿ ಒಂದು ಜೋಳದ ರೊಟ್ಟಿಯನ್ನು ಬಗಲಲ್ಲಿ, ಕಂಕುಳ ಸಂದಿಗೆ, ಇಟ್ಟುಕೊಂಡು ಹೊತ್ತೇರುವವರೆಗೆ ಕೆಲಸ ಮಾಡಬೇಕು. ಬೆವರು ರೊಟ್ಟಿಗೆ ಇಳಿಯಬೇಕು. ಆ ರೊಟ್ಟಿಯನ್ನು ತನ್ನ ಕೈಯಿಂದಲೇ ನಾಯಿಗೆ ಹಾಕಬೇಕು. ತಿಂದ ನಾಯಿ ಹಳೆಯ ಮನೆ ಮರೆತು ಅವನದಾಗುತ್ತದೆ, ಮತ್ತೆ ಯಾರ ಹಿಂದೆಯೂ ಹೋಗುವುದಿಲ್ಲ ಎಂಬುದು ಹಿಂದಿನಿಂದ ಬಂದ ನಂಬಿಕೆ. ಕೊಳಕೂರಿನ ದೌಲತರಾಯಗೌಡ ಇದನ್ನು ಕೇಳಿ ನಕ್ಕಿದ್ದ.

"ಏ ಗೌಸ, ನನ್ನ ಬಗಲಿಗಿ ನನ್ನ ಹೆಂಡ್ತಿನೇ ಮೂಗು ಮುಚ್ಚತಾಳ. ನಾಯಿ ತಿಂತದೇನೋ?"

"ನಾಯಿಗಿ ನಿಮ್ಮ ನಾತನೇ ಬೇಕ್ರಿ ಗೌಡ್ರ. ನಿಮ್ಮ ಮನೆತನ ತಗೊಂಡು ಅದೇನು ಮಾಡ್ತದ?"

ಗೌಡ ನಗುತ್ತಲೇ ರೊಟ್ಟಿ ಬಗಲಲ್ಲಿಟ್ಟು ಕುಂಟೆ ಹೊಡೆದ. ಆ ನಾಯಿ ಹನ್ನೊಂದು ವರ್ಷ ಅವನ ಹೊಲ ಕಾಯಿತು.

ಇಷ್ಟು ಹೇಳಿದರೆ ಗೌಸನ ಬದುಕು ಸುಖದ ಕಥೆಯೇ. ಇನ್ನು ಚಿಗರಿಯ ಸಂಗತಿ ಹೇಳಬೇಕು.

ಎಂಬತ್ತನಾಲ್ಕರಲ್ಲಿ ಲಾರಿ ಬರುವ ಹಿಂದಿನ ದಿನ ಗೌರಾಬಾಯಿ ಎಂಬ ಹೆಣ್ಣುಮಗಳು ಗೌಸನ ಮನೆಗೆ ಬಂದಳು. ಶಿವರಾಯನ ಹೆಂಡತಿ, ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಒಂದು ಸಣಕಲು ಕೆಂದು ಹೆಣ್ಣುನಾಯಿ. ಓಟದಲ್ಲಿ ಜಿಂಕೆಯಂಥದೆಂದು ಅದಕ್ಕೆ ಚಿಗರಿ ಎಂದೇ ಹೆಸರಿಟ್ಟಿದ್ದಳು. ಕಣ್ಣು ಬಿಡದ ಮರಿ ಇದ್ದಾಗ ಆಡಿನ ಹಾಲು ಹಾಕಿ ಬದುಕಿಸಿದ್ದಳು.

"ಗೌಸಕಾಕಾ, ಇದು ಲಾರಿ ಹಿಂದ ಓಡೋದು ನನಗ ನೋಡಾಕ ಆಗಂಗಿಲ್ರಿ. ಅದಕ್ಕ ನಿಮ್ಮ ಕೈಯಾಗೇ ಕೊಡಾಕ ಬಂದೇನಿ."

"ಎಂಟು ವರ್ಷದಾಗ ಹೇಳಿ ಬಿಟ್ಟು ಹೋಗಾಕಿ ನೀ ಒಬ್ಬಾಕಿನೇ ಬೇ."

"ಬಿಟ್ಟು ಹೋಗಾಕತ್ತಿಲ್ಲ ಕಾಕಾ. ಹೋಳಿ ಹುಣ್ಣಿವಿಗಿ ಬರ್ತೇನಿ. ಯಾರಿಗೂ ಕೊಡಬ್ಯಾಡ್ರಿ. ಬಗಲ ರೊಟ್ಟಿನೂ ಹಾಕಬ್ಯಾಡ್ರಿ."

ಗೌಸ ಗಂಭೀರನಾದ. "ಇದು ಅಮಾನತ್ ಆತು ಗೌರವ್ವಾ. ಒಬ್ಬರು ನಂಬಿ ಇಟ್ಟ ವಸ್ತು ಇಟ್ಟಂಗೇ ತಿರುಗಿ ಕೊಡಬೇಕು. ಕೊಡ್ತೇನಿ."

ಮರುದಿನ ಲಾರಿ ಹೋಯಿತು. ಚಿಗರಿ ಬೇವಿನ ಗಿಡಕ್ಕೆ ಕಟ್ಟಿದ ಹಗ್ಗ ಕಡಿದುಕೊಂಡು ಹಳ್ಳಕ್ಕೆ ಓಡಿತು. ಗೌಸ ಹೊತ್ತು ತಂದ. ಮತ್ತೆ ಓಡಿತು. ಮತ್ತೆ ತಂದ. ಮಜ್ಜಿಗೆ ನುಚ್ಚು ಇಟ್ಟರೆ ಮೂಸಲಿಲ್ಲ. ಬಾನುಬಿ ಬಕ್ರೀದಿಗೂ ಯಾರಿಗೂ ಹಾಕದಷ್ಟು ಎಲುಬು ತಂದು ಸುರಿದಳು, ಅದನ್ನು ಕಾಗೆಗಳು ಒಯ್ದವು. ಎಂಟನೆಯ ದಿನಕ್ಕೆ ನಾಯಿ ಏಳಲಾರದಾಯಿತು. ಒಂಬತ್ತನೆಯ ದಿನ ಕಣ್ಣಿನ ಮೇಲೆ ನೊಣ ಕೂತರೂ ರೆಪ್ಪೆ ಅಲುಗಲಿಲ್ಲ.

"ಇದು ಹೋಗ್ತದ ಬಾನು," ಎಂದ ಗೌಸ.

"ರೊಟ್ಟಿ ತಂದುಕೊಡ್ಲೇನು?"

"ಹಾಕಂಗಿಲ್ಲಂತ ಮಾತು ಕೊಟ್ಟೇನಿ."

"ಆಕಿ ಬಂದಾಗ ಏನು ತೋರಸ್ತೀರಿ, ನಾಯಿನೋ ಕುಣಿನೋ?"

ಗೌಸ ನಾಯಿಯ ಕಣ್ಣಿನ ಮೇಲಿನ ನೊಣ ಓಡಿಸಿದ. ಆಮೇಲೆ ರೊಟ್ಟಿ ಇಸಿದುಕೊಂಡು ಬಗಲಲ್ಲಿಟ್ಟ. ಆ ಮಧ್ಯಾಹ್ನ ಯಾರೂ ಹೇಳದಿದ್ದರೂ ಒಂದು ಗಾದಿಯ ಹತ್ತಿ ಹಿಂಜಿದ. ಅಂಗಿ ತೊಯ್ದು ಬೆನ್ನಿಗೆ ಅಂಟಿತು. ರೊಟ್ಟಿ ಮೆತ್ತಗಾಯಿತು. ಒಂದು ತುಣುಕು ಮುರಿದು ಚಿಗರಿಯ ತುಟಿಗೆ ಹಿಡಿದ. ಅದು ಮೂಸಿತು. ನಾಲಿಗೆ ಚಾಚಿ ನೆಕ್ಕಿತು. ಹೊತ್ತು ಮುಳುಗುವುದರೊಳಗೆ ಅರ್ಧ ರೊಟ್ಟಿ ತಿಂದಿತು. ಮರುದಿನ ಗೌಸ ಎದ್ದು ಹಿತ್ತಲಿಗೆ ಹೋದರೆ ಅವನ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಹಳ್ಳಕ್ಕೆ ಹೋಗುವುದನ್ನು ಬಿಟ್ಟಿತು.

ಗೌಸ ಹಿಗ್ಗಲಿಲ್ಲ. ಆಡಿದ ಮಾತು ಮುರಿದದ್ದು ಅವನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಹೋಳಿ ಹುಣ್ಣಿಮೆಗೆ ಲಾರಿಗಳು ತಿರುಗಿ ಬಂದವು. ಗೌರಾಬಾಯಿ ಇಳಿಯಲಿಲ್ಲ. ಕಬ್ಬು ಹೇರಿದ ಗಾಡಿ ಮಗುಚಿ ಶಿವರಾಯ ಅದರಡಿ ಸಿಕ್ಕು ತೀರಿಕೊಂಡ ಸುದ್ದಿ ಇಳಿಯಿತು. ಗೌರಾಬಾಯಿಗೆ ಜ್ವರ ಹತ್ತಿದೆ, ಅಫಜಲಪುರದ ಅಕ್ಕ ಬಂದು ಕರೆದೊಯ್ದಳು ಎಂದರು ಕೆಲವರು. ಅಲ್ಲಿಂದಲೂ ಮತ್ತೆ ಕಬ್ಬಿನ ಕಡೆಗೇ ಹೋದಳು ಎಂದರು ಕೆಲವರು. ನರೋಣಾದ ಅವಳ ಗುಡಿಸಲಿನಲ್ಲಿ ಶಿವರಾಯನ ತಮ್ಮ ತನ್ನ ಆಡು ಕಟ್ಟಿಕೊಂಡ.

ಅದೇ ಬೇಸಿಗೆಯಲ್ಲಿ ದೌಲತರಾಯಗೌಡ ಚಿಗರಿಯನ್ನು ಕಂಡು ಕೇಳಿದ, "ಇದನ್ನೂ ನನಗ ಕೊಡಲೇ. ಆಕಿ ಇನ್ನೆಲ್ಲಿ ಬರ್ತಾಳ?"

"ಬರ್ಲಿ, ಬಿಡ್ಲಿ. ಅಮಾನತ್ ಅದ್ರಿ ಗೌಡ್ರ," ಎಂದು ಗೌಸ ನಾಯಿಯನ್ನು ಹಿಂದೆ ಸರಿಸಿದ.

ಎಂಬತ್ತಾರರಲ್ಲಿ ಮಳೆಗಾಲಕ್ಕೆ ಮುಂಚೆ ಒಂದು ದಿನ ಗೌರಾಬಾಯಿ ಬಸ್ಸಿನಿಂದ ಇಳಿದು ನೇರ ಗೌಸನ ಮನೆಗೆ ಬಂದಳು. ಕುಂಕುಮ ಇಲ್ಲ, ಬಳೆ ಇಲ್ಲ, ಮೈಮೇಲೆ ಮಾಂಸವಿಲ್ಲ. ಬಾನುಬಿಗೆ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು.

"ಕಾಕಿ, ನನ್ನ ಚಿಗರಿ ಅದ ಏನ್ರಿ?"

"ಅದ ಬಾರವ್ವ. ಕೂಡು ಮೊದ್ಲು."

"ಅದೊಂದು ಇದ್ರ ಸಾಕ್ರಿ. ಅಕ್ಕನ ಊರಾಗ ಒಂದು ಖೋಲಿ ಸಿಕ್ಕದ. ನಾನು, ಅದು. ಎರಡು ಜೀವ."

ಚಿಗರಿ ಹಿತ್ತಲಿಂದ ಬಂದು ಬಾಗಿಲಲ್ಲಿ ನಿಂತಿತು. ಮೂಗು ಎತ್ತಿತು. ಆಮೇಲೆ ಓಡಿಬಂದು ಅವಳ ಮಡಿಲಿಗೆ ಬಿದ್ದು ಕೂಸಿನಂತೆ ಕುಂಯ್ಗುಟ್ಟಿತು, ಅವಳ ಮುಖ, ಕುತ್ತಿಗೆ, ಕೈ ಎಲ್ಲ ನೆಕ್ಕಿತು. ಗೌರಾಬಾಯಿ ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲವೇನೋ. ಬಾನುಬಿ ತಾನೇ ಹಾಕಿದ ಕರಾರು ಮರೆತು ನಾಯಿಯನ್ನು ನಡುಮನೆಯಲ್ಲಿ ಬಿಟ್ಟಳು. ಮೂಲೆಯಲ್ಲಿ ನಿಂತ ಗೌಸನಿಗೆ ಎದೆಯ ಮುಳ್ಳು ಕಿತ್ತಂತಾಯಿತು. ರೊಟ್ಟಿ ಗೆಲ್ಲಲಿಲ್ಲ, ಅಮಾನತ್ ಉಳಿಯಿತು ಎಂದುಕೊಂಡ.

ಮಧ್ಯಾಹ್ನದ ಬಸ್ಸಿಗೆ ಗೌರಾಬಾಯಿ, ಚಿಗರಿ ಇಬ್ಬರೂ ಹೊರಟರು, ಬಸ್ಸು ಹತ್ತುವುದು ಹಳ್ಳದ ಆಚೆಯ ತಿರುವಿನಲ್ಲಿ. ಚಿಗರಿ ಬಾಲ ಆಡಿಸುತ್ತ ಅವಳ ಸಂಗಡ ಹಳ್ಳದವರೆಗೆ ಬಂತು. ದಂಡೆಗೆ ಬಂದದ್ದೇ ಕೂತುಬಿಟ್ಟಿತು. ಹಗ್ಗ ಎಳೆದರೆ ಮಲಗಿತು. ಎತ್ತಿಕೊಂಡರೆ ನಡುಗಿತು, ಕೊಸರಿಕೊಂಡು ಜಿಗಿಯಿತು, ತಿರುಗಿ ಊರ ಕಡೆ ಓಡಿತು. ಬೇವಿನ ಗಿಡದ ಕೆಳಗೆ, ಗೌಸನ ಕಾಲ ಸಂದಿಯಲ್ಲಿ ಹೊಕ್ಕು ಕೂತಿತು. ಹಿಂದೆಯೇ ಗೌರಾಬಾಯಿ ಬರಿಯ ಹಗ್ಗ ಹಿಡಿದು ಬಂದಳು.

ಗೌಸ ಗಿಡದ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದ. ಒಂಬತ್ತು ದಿನದ್ದು, ನೊಣ ಕೂತದ್ದು, ರೊಟ್ಟಿ ಹಾಕಿದ್ದು.

"ನೀ ಬ್ಯಾಡಂದಿದ್ದಿ. ಹಾಕಿದೆ. ನನ್ನ ತಪ್ಪು ಬೇ."

ಅವಳು ಬಯ್ಯಲಿಲ್ಲ. ಬಾನುಬಿಯ ಕಡೆ ತಿರುಗಿ ಕೇಳಿದಳು, "ಕಾಕಿ, ಒಂದು ರೊಟ್ಟಿ ಬಡೀರಿ."

ಮೂರು ದಿನ ಅವಳು ಅಲ್ಲೇ ಇದ್ದಳು. ಬಗಲಲ್ಲಿ ರೊಟ್ಟಿ ಇಟ್ಟುಕೊಂಡು ಬಾನುಬಿಯ ಜೋಳ ಬೀಸಿದಳು, ಹಿತ್ತಲು ಸಾರಿಸಿದಳು, ಬಾವಿಯಿಂದ ನೀರು ಹೊತ್ತಳು. ಜ್ವರದಿಂದ ಎದ್ದ ಮೈ, ಬೆವರು ಬೇಗ ಬರುತ್ತಿರಲಿಲ್ಲ. ಬಿಸಿಲಿಗೆ ಹೋಗಿ ನಿಲ್ಲುತ್ತಿದ್ದಳು. ಗೌಸ ತಾನಿದ್ದರೆ ಕೆಡುತ್ತದೆಂದು ಹಗಲೆಲ್ಲ ಮಸೀದಿಯ ಕಟ್ಟೆಯ ಮೇಲೆ ಕಳೆಯುತ್ತಿದ್ದ. ಚಿಗರಿ ಮೂರೂ ದಿನ ಅವಳ ರೊಟ್ಟಿಯನ್ನು ಒಂದು ಚೂರೂ ಬಿಡದೆ ತಿಂದಿತು. ಮೂರೂ ದಿನ ಅವಳ ಸಂಗಡ ಹಳ್ಳದವರೆಗೆ ಹೋಯಿತು. ಮೂರೂ ದಿನ ಅಲ್ಲಿಂದ ತಿರುಗಿ ಬಂತು. ರೊಟ್ಟಿಯ ಗುಣವೋ, ಆ ಹಳ್ಳದ ಆಚೆ ಹೋದವರು ಬರುವುದಿಲ್ಲವೆಂದು ಅದು ಕಲಿತ ಪಾಠವೋ, ಹೇಳುವವರು ಯಾರು?

ನಾಲ್ಕನೆಯ ದಿನ ಬೆಳಿಗ್ಗೆ ಗೌಸ ಹಗ್ಗ ತಂದು ಅವಳ ಕೈಗಿಟ್ಟ.

"ನಾ ಕಾಲು ಕಟ್ಟಿ ಬಸ್ಸಿಗಿ ಹಾಕ್ತೇನಿ. ಎರಡು ದಿನ ಒದರ್ತದ, ಆಮ್ಯಾಲ ನಿನ್ನದಾಗ್ತದ. ನಿನ್ನ ವಸ್ತು ನೀ ಒಯ್ಯಿ."

ಗೌರಾಬಾಯಿ ಹಗ್ಗವನ್ನು ತಿರುಗಿಸಿ ನೋಡಿದಳು.

"ಒಂದು ಸಲ ನಾನು ಬಿಟ್ಟು ಹೋದೆ, ಒಂಬತ್ತು ದಿನ ಸಾಯಾಕ ಕೂತಿತ್ತಂತ. ಈಗ ನಿಮ್ಮನ್ನ ಬಿಡಿಸಿದ್ರ ಮತ್ತ ಒಂಬತ್ತು ದಿನ. ಎಷ್ಟು ಸಲ ಸಾಯಬೇಕ್ರಿ ಕಾಕಾ ಅದು?" ಎಂದಳು. ಆಮೇಲೆ, "ಇಲ್ಲೇ ಇರ್ಲಿ. ನಾ ಹೋಗ್ತೇನಿ."

"ಒಬ್ಬಾಕಿ ಏನು ಮಾಡ್ತಿ ಬೇ?" ಬಾನುಬಿ ಅವಳ ಸೆರಗು ಹಿಡಿದಳು. "ಇಲ್ಲೇ ಇರು. ನಮಗೂ ಯಾರದಾರ?"

"ಬ್ಯಾಡ್ರಿ ಕಾಕಿ. ಈ ಊರಾಗ ಆ ಗುಡಸಲಾ ನೋಡಿಕೋತ ಇರಾಕ ಆಗಂಗಿಲ್ಲ."

ಚಿಗರಿಗೆ ಬಾನುಬಿ ಹಿತ್ತಲಲ್ಲಿ ಎಲುಬು ಹಾಕಿ ಬಾಗಿಲು ಮುಚ್ಚಿದಳು. ಗೌಸ ಗೌರಾಬಾಯಿಯನ್ನು ಕಳಿಸಲು ತಿರುವಿನವರೆಗೆ ನಡೆದ. ಬಸ್ಸು ಹತ್ತುವಾಗ ಅವಳು, "ಅದಕ್ಕೇನರ ಆದ್ರ ನನಗ ಹೇಳಿ ಕಳಸ್ರಿ," ಎಂದಳು. ಕಳಿಸುತ್ತೇನೆ ಎಂದ ಗೌಸ. ಎಲ್ಲಿಗೆ ಎಂದು ಕೇಳುವುದರೊಳಗೆ ಬಸ್ಸು ಹೋಯಿತು.

ಅದಾದ ಮೇಲೂ ಗೌಸ ಪ್ರತಿ ವರ್ಷ ಹಳ್ಳಕ್ಕೆ ಹೋದ, ನಾಯಿಗಳನ್ನು ತಂದ. ಅವನಿಗೆ ಹತ್ತಿಯ ದೂಳಿನ ಕೆಮ್ಮು ಹತ್ತಿತು, ದೂರದ ಊರುಗಳು ತಪ್ಪಿದವು. ಚಿಗರಿ ತೊಂಬತ್ತೆರಡರ ಚಳಿಗಾಲದಲ್ಲಿ ಮುದಿಯಾಗಿ ಬೇವಿನ ಗಿಡದ ಕೆಳಗೆ ಸತ್ತಿತು. ಗೌಸ ಅದನ್ನು ಹೂಳಿ ಕೈ ತೊಳೆದು ಮನೆಗೆ ಬಂದವನೇ, "ಗೌರವ್ವಗ ಹೇಳಬೇಕು," ಎಂದ.

ಅಫಜಲಪುರಕ್ಕೆ ಹೋದ. ಅಕ್ಕ ತೀರಿಹೋಗಿದ್ದಳು, ಖೋಲಿಯಲ್ಲಿ ಬೇರೆಯವರಿದ್ದರು. ಗೌರಾಬಾಯಿ ಕಬ್ಬು ಕಡಿಯುವವರ ಟೋಳಿಯ ಸಂಗಡ ಹೋಗುತ್ತಾಳೆ, ಸೋಲಾಪುರದ ಆಚೆ ಎಂದು ಯಾರೋ ಅಂದರು. ಗೌಸ ಜೀವಮಾನದಲ್ಲಿ ಆ ದಾರಿ ಕಂಡವನಲ್ಲ. ಎರಡು ಬಸ್ಸು ಬದಲಿಸಿ, ಕೆಮ್ಮುತ್ತ, ಕಬ್ಬಿನ ಗರಿಯ ಗುಡಿಸಲುಗಳ ನಡುವೆ ಒಂದು ದಿನ ಪೂರ್ತಿ ತಿರುಗಿದ. ಎರಡು ಸಾವಿರ ಗುಡಿಸಲು. ಗೌರಾಬಾಯಿ ಎಂಬವರು ಏಳು ಮಂದಿ ಸಿಕ್ಕರು. ಅವಳು ಸಿಗಲಿಲ್ಲ.

ಇಳಿಹೊತ್ತಿಗೆ ಒಂದು ಗುಡಿಸಲ ಮುಂದೆ ಕುಕ್ಕರಿಸಿದ. ಒಲೆಗೆ ಗರಿ ಒಟ್ಟುತ್ತಿದ್ದ, ಕನ್ನಡ ಸೀಮೆಯಿಂದಲೇ ಬಂದ ಗುರುತಿಲ್ಲದ ಹೆಣ್ಣುಮಗಳು ಚೆಂಬಿನಲ್ಲಿ ನೀರು ಕೊಟ್ಟಳು.

"ಯಾರು ಬೇಕಾಗಿತ್ರಿ ಅಜ್ಜಾ?"

ಗೌಸ ಹೇಳಿದ. ಮರಿಗೆ ಆಡಿನ ಹಾಲು ಹಾಕಿದ್ದರಿಂದ ಹಿಡಿದು ಬೇವಿನ ಗಿಡದ ಕೆಳಗೆ ಕಣ್ಣು ಮುಚ್ಚಿದ್ದರವರೆಗೆ. ಆ ಹೆಣ್ಣುಮಗಳು ಒಲೆ ಆರಿದ್ದನ್ನೂ ಲೆಕ್ಕಿಸದೆ ಪೂರ್ತಿ ಕೇಳಿದಳು.

"ಕಡೀಕ ತ್ರಾಸ ಆತೇನ್ರಿ ಅದಕ್ಕ?"

"ಇಲ್ಲವ್ವ. ಮಕ್ಕೊಂಡಲ್ಲೇ ಹೋತು."

"ಆಕಿ ಭೆಟ್ಟಿ ಆದ್ರ ಹೇಳ್ತೇನ್ರಿ," ಎಂದಳು ಅವಳು.

ಗೌಸ ಚೆಂಬು ತಿರುಗಿ ಕೊಟ್ಟು, ಮೊಣಕಾಲಿಗೆ ಕೈಯೂರಿ ಎದ್ದು, ಬಸ್ಸಿನ ದಾರಿ ಯಾವ ಕಡೆಗೆಂದು ಕೇಳಿದ.