ಲೊಂಗಿಮ್‌ಳ ಹೆಸರು ಕೂಗಿದ ಡ್ರೋನ್

ಸೋಪಿನಾ ಇಪ್ಪತ್ತೆರಡು ವರ್ಷ ಕಿನಬಾಲು ಬೆಟ್ಟಕ್ಕೆ ಮೂಟೆ ಹೊತ್ತವಳು. ದಾರಿ ತಪ್ಪಿ ಕಾಲು ಮುರಿದುಕೊಂಡ ಪ್ರವಾಸಿಗರನ್ನು ಅದೇ ಬೆನ್ನ ಮೇಲೆ ಹೊತ್ತು ಕೆಳಗಿಳಿಸಿದ್ದೂ ಉಂಟು. ಅಂಥವಳನ್ನು ರಕ್ಷಣಾ ದಳದವರು ಕಾಡಂಚಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಈಚೆಗೇ ತಡೆದು ಕೂರಿಸಿದ್ದರು. ಕಳೆದುಹೋದವಳಾದರೂ ಯಾರು? ಅವಳ ಹೆತ್ತವ್ವ, ಎಪ್ಪತ್ತು ದಾಟಿದ ಲೊಂಗಿಮ್. ಜರಿಗಿಡದ ಕುಡಿ ಚಿವುಟಲು ಹೋದವಳು ಮೂರು ದಿನವಾದರೂ ಮರಳಿರಲಿಲ್ಲ.

"ನೀವು ಒಳಗೆ ಹೋದ್ರೆ ಡ್ರೋನು ನಿಮ್ಮ ಮೈಬಿಸಿನೇ ಹಿಡ್ಕೊಂಡು ಕೂರುತ್ತೆ ಅಕ್ಕಾ, ಸುಮ್ನಿರಿ," ಎಂದ ಪಟ್ಟಣದಿಂದ ಬಂದ ರಕ್ಷಣಾ ದಳದ ಅಧಿಕಾರಿ ಫೈರುಜ್. ಡ್ರೋನನ್ನು ಯಾರೂ ನಡೆಸಬೇಕಿಲ್ಲ, ತಾನೇ ಹಾರಿ, ಮೈಬಿಸಿ ಗುರುತಿಸಿ ತಾನೇ ಹುಡುಕುತ್ತದೆಂದು ಅವನಿಗೆ ಎಲ್ಲಿಲ್ಲದ ಹೆಮ್ಮೆ.

ಅದು ನಿನ್ನೆ ಬೆಳಗ್ಗೆಯಿಂದ ಮರಗಳ ಮೇಲೆ ಸುತ್ತುತ್ತ ಕೂಗುತ್ತಲೇ ಇತ್ತು. "ಲೊಂಗಿಮ್, ಬಯಲಿಗೆ ಬನ್ನಿ. ಲೊಂಗಿಮ್, ಕೈ ಬೀಸಿ."

"ಕಾಡಲ್ಲಿ ಹೆಸರು ಹಿಡಿದು ಕರೀತಾರೇನ್ರೀ?" ಸೋಪಿನಾ ಹತ್ತನೇ ಸಲ ಕೇಳಿದಳು. "ಇಲ್ಲಿ ಹಾಗೆ ಕರೆಯೋದು ದೆವ್ವ ಒಂದೇ. ನಮ್ಮವ್ವ ಓಗೊಡಲ್ಲ, ಅಡಗ್ತಾಳೆ. ನಿಲ್ಸಿ ಅದನ್ನ."

"ಅದು ದೆವ್ವ ಅಲ್ಲ ಅಕ್ಕಾ, ಯಂತ್ರ."

"ನಂಗೊತ್ತು. ಅವಳಿಗೆ ಹೋಗಿ ಹೇಳೋರು ಯಾರು, ನಿಮ್ಮಪ್ಪನಾ?"

"ಅದರ ಕೂಗು ನಿಲ್ಸೋಕೆ ಮೇಲಿನವರ ಅಪ್ಪಣೆ ಬೇಕು," ಎಂದು ಫೈರುಜ್ ಚಹಾದ ಲೋಟ ಎತ್ತಿಕೊಂಡ. ಅವ್ವ ಸಾಯುವುದಕ್ಕೂ ಇವರ ಅಪ್ಪಣೆ ಬೇಕೇನೋ! ಸೋಪಿನಾಳಿಗೆ ಮೈಯೆಲ್ಲ ಉರಿದುಹೋಯಿತು. ಪಟ್ಟಿಯಡಿ ನುಸುಳಿ ಕಾಡಿಗೆ ನುಗ್ಗಿದಳು.

ಅವಳು ಹೆಸರು ಕೂಗಲಿಲ್ಲ. ದೊಡ್ಡ ಮರಗಳ ಗೋಡೆಯಂಥ ಬೇರು ಸಿಕ್ಕಲ್ಲೆಲ್ಲ ಸೊಂಟದ ಕತ್ತಿಯ ಬೆನ್ನಿನಿಂದ ಮೂರು ಸಲ ಬಡಿದು ಕಿವಿಗೊಟ್ಟಳು. ಅಲ್ಲಿ ಮನುಷ್ಯರು ಮನುಷ್ಯರನ್ನು ಹುಡುಕುವುದೇ ಹಾಗೆ. ಎರಡನೇ ಹಳ್ಳ ದಾಟಿದ ಮೇಲೆ ಕಲ್ಲಿನಿಂದ ಬೇರು ಕುಟ್ಟಿದ ಸದ್ದು ಮೆಲ್ಲಗೆ ಮೂರು ಸಲ ಬಂತು.

ಲೊಂಗಿಮ್ ಬಂಡೆಯಡಿ ಮುದುರಿದ್ದಳು. ಮೈತುಂಬ ಎಲೆ ಹೊದ್ದಿದ್ದಳು, ಕಾಲು ಊದಿತ್ತು, ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ನೀರು ಹತ್ತೇ ಹೆಜ್ಜೆ ದೂರ, ಬಯಲಲ್ಲಿ. ಕೂಗುವುದು ಶುರುವಾದ ಮೇಲೆ ಅವಳು ಅತ್ತ ತೆವಳಿಯೇ ಇರಲಿಲ್ಲ.

ಬೆನ್ನ ಮೇಲೆ ಹೊತ್ತು ತಂದಾಗ ಫೈರುಜ್ ಮುಖ ಗಂಟಿಕ್ಕಿದ. "ಅಷ್ಟು ಕೂಗಿದ್ರೂ ಬರ್ಲಿಲ್ವಲ್ಲ ಅಜ್ಜಿ, ನಮ್ಮ ಎರಡು ದಿನ ಹಾಳು ಮಾಡಿದ್ರಿ."

ಸೋಪಿನಾ ಬಾಯಿ ತೆರೆಯುವಷ್ಟರಲ್ಲಿ ಅವ್ವ ಅವಳ ಭುಜ ಹಿಡಿದಳು. "ಮೇಲಿಂದ ಕೂಗಿದ್ದಕ್ಕೆ ನನ್ನ ಹೆಸರು ಹೇಳ್ಕೊಟ್ಟಿದ್ದು ಯಾರೇ?"

ಫೈರುಜ್ ಕಾಣೆಯಾದವರ ಫಾರಂ ತಿರುಗಿಸಿ ಕೆಳಗಿದ್ದ ಸೋಪಿನಾಳ ಸಹಿ ತೋರಿಸಿದ.

"ನಾನೇ ಅವ್ವ," ಎಂದಳು ಸೋಪಿನಾ, ಅವನನ್ನೇ ದಿಟ್ಟಿಸುತ್ತ. "ಹುಡುಕ್ಲಿ ಅಂತ ಕೊಟ್ಟೆ. ಕೂಗ್ಲಿ ಅಂತಲ್ಲ."